ನಿಮಗಿದು ಗೊತ್ತೇ? ಹೊಟ್ಟೆಯೂ ಕಿಡ್ನಿಯ ಕೆಲಸ ಮಾಡಬಲ್ಲದು!

ಕಡೂರು ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಸ್ವಲ್ಪ ಗಮನಿಸಿದರೆ ಅವರು ಕಣ್ಣಿಗೆ ಬೀಳುತ್ತಾರೆ. ತೋಳಿನ ಮೇಲೆ ಹತ್ತಿಯ ಪಟ್ಟಿ, ಕೈಯಲ್ಲೊಂದು ಫೈಲು, ಪಕ್ಕದಲ್ಲಿ ಹೆಂಡತಿಯೋ ಮಗನೋ. ಎಷ್ಟೇ ಬಾಯಾರಿದರೂ ಒಂದು ಗುಟುಕಿಗಿಂತ ಹೆಚ್ಚು ನೀರು ಕುಡಿಯರು. ವಾರಕ್ಕೆ ಮೂರು ದಿನ ಅದೇ ಬಸ್ಸು, ಅದೇ ದಾರಿ. ಡಯಾಲಿಸಿಸ್ ಎಂದ ಕೂಡಲೇ ನಮ್ಮ ಕಡೆಯವರ ಮನಸ್ಸಿಗೆ ಬರುವುದು ಇಷ್ಟೇ: ಯಂತ್ರ, ಸೂಜಿ, ಸರದಿ, ಬಸ್ಸು. ಇನ್ನೊಂದು ಬಗೆಯ ಡಯಾಲಿಸಿಸ್ ಇದೆ, ಅದನ್ನು ನಡುಮನೆಯಲ್ಲಿ ಕೂತು ನೀವೇ ಮಾಡಿಕೊಳ್ಳಬಹುದು ಎಂದರೆ ‘ಸುಮ್ನಿರಿ ಸ್ವಾಮಿ’ ಅನ್ನುತ್ತಾರೆ. ಈ ಸಲದ ಅಂಕಣ ಅದರದ್ದೇ. ಪೆರಿಟೋನಿಯಲ್ ಡಯಾಲಿಸಿಸ್ ಎಂಬುದು ಅದರ ಪೂರ್ತಿ ಹೆಸರು. ಆಸ್ಪತ್ರೆಯವರು ‘ಪಿಡಿ’ ಅನ್ನುತ್ತಾರೆ, ನಾವು ಹೊಟ್ಟೆ ಡಯಾಲಿಸಿಸ್ ಅನ್ನೋಣ.

● ಮೊದಲು ಕಿಡ್ನಿಯ ಲೆಕ್ಕ. ಒಂದೊಂದು ಮುಷ್ಟಿ ಗಾತ್ರ, ಒಂದೊಂದು ಸುಮಾರು 150 ಗ್ರಾಂ ತೂಕ, ಒಂದೊಂದರಲ್ಲೂ ಹತ್ತು ಲಕ್ಷದಷ್ಟು ಸೋಸುವ ಘಟಕ. ಎರಡೂ ಸೇರಿ ದಿನಕ್ಕೆ ಸೋಸುವುದು ಸುಮಾರು 180 ಲೀಟರ್. ಬೀದಿ ನಲ್ಲಿಯ ಪ್ಲಾಸ್ಟಿಕ್ ಕೊಡದ ಲೆಕ್ಕದಲ್ಲಿ ಹನ್ನೆರಡು ಕೊಡ! ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸಿ, ಮಿಕ್ಕಿದ್ದನ್ನೆಲ್ಲ ರಕ್ತಕ್ಕೆ ವಾಪಸು ಕೊಡುತ್ತವೆ. ಈ ಕೆಲಸ ನೂರಕ್ಕೆ ಹದಿನೈದರ ಕೆಳಗೆ ಇಳಿದಾಗ ಡಾಕ್ಟರು ‘ಐದನೇ ಹಂತ’ ಎನ್ನುತ್ತಾರೆ. ಊರಿನ ಭಾಷೆಯಲ್ಲಿ ಕಿಡ್ನಿ ಫೇಲ್.

● ನಮ್ಮ ಹೊಟ್ಟೆಯ ಒಳಗೋಡೆಗೂ ಕರುಳಿಗೂ ಸುತ್ತಿಕೊಂಡು ಒಂದು ತೆಳುಪೊರೆ ಇದೆ. ಕುರಿ ಕೊಯ್ಯುವಲ್ಲಿ ನಿಂತು ನೋಡಿದವರಿಗೆ ಪರಿಚಯವಿರುತ್ತದೆ: ಒದ್ದೆಯಾಗಿ, ನುಣುಪಾಗಿ, ಬೆಳಕು ಹಾಯುವಷ್ಟು ತೆಳ್ಳಗೆ. ಅದೇ ಪೆರಿಟೋನಿಯಮ್. ಬಿಡಿಸಿ ಹರವಿದರೆ ಅದರ ವಿಸ್ತಾರ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟೇ ಆಗುತ್ತದೆ. ಅದರೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಜಾಲ. ಸೋಸುವ ಬಟ್ಟೆಯನ್ನು ಹೊಟ್ಟೆಯಲ್ಲೇ ಹೊತ್ತುಕೊಂಡು ಓಡಾಡುತ್ತಿದ್ದೇವೆ, ಅದು ನಮಗೆ ಗೊತ್ತಿಲ್ಲ ಅಷ್ಟೆ.

● ರಾಮನವಮಿಯ ಕೋಸಂಬರಿಗೆ ಉಪ್ಪನ್ನು ಕೊನೆಗಳಿಗೆಯಲ್ಲಿ ಹಾಕುವುದು ಯಾಕೆ? ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯ ತಳದಲ್ಲಿ ಕೊಳ ನಿಲ್ಲುತ್ತದೆ. ಹೊಟ್ಟೆ ಡಯಾಲಿಸಿಸ್ ನಡೆಯುವುದೂ ಇದೇ ಸೂತ್ರದ ಮೇಲೆ. ಇಲ್ಲಿ ಉಪ್ಪಿನ ಜಾಗದಲ್ಲಿ ಸಕ್ಕರೆ, ಅಂದರೆ ಡೆಕ್ಸ್ಟ್ರೋಸ್. ಸಕ್ಕರೆ ಬೆರೆತ ದ್ರವ ಹೊಟ್ಟೆಯಲ್ಲಿ ನಿಂತಾಗ, ಮೈಯಲ್ಲಿ ಹೆಚ್ಚಾಗಿ ತುಂಬಿಕೊಂಡ ನೀರನ್ನು ಪೊರೆಯ ಮೂಲಕ ತನ್ನ ಕಡೆಗೆ ಎಳೆಯುತ್ತದೆ. ರಕ್ತದಲ್ಲಿ ದಟ್ಟವಾಗಿರುವ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ತಾವಾಗಿಯೇ ತೆಳುವಾದ ಕಡೆಗೆ ಹರಿದುಬರುತ್ತವೆ. ದ್ರವದಲ್ಲಿ ಮೂರು ದರ್ಜೆ: 1.5%, 2.5%, 4.25%. ಕಾಲು ಊದಿದ್ದರೆ, ತೂಕ ಏರಿದ್ದರೆ ಗಟ್ಟಿ ದರ್ಜೆ; ಮೈ ಹಗುರವಾಗಿದ್ದರೆ ತೆಳು ದರ್ಜೆ. ಯಾವಾಗ ಯಾವುದು ಎಂಬುದನ್ನು ಕಲಿತ ಮನೆಯವರು ಆರು ತಿಂಗಳಲ್ಲಿ ಅರ್ಧ ನರ್ಸ್ ಆಗಿಬಿಡುತ್ತಾರೆ.

● ಮಾಡುವ ಕ್ರಮ ಹೀಗೆ. ಹೊಕ್ಕುಳಿನ ಪಕ್ಕದಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ, ಪೆನ್ಸಿಲ್ಲಿಗಿಂತ ಸಪೂರವಾದ ಸಿಲಿಕೋನ್ ಕೊಳವೆಯೊಂದನ್ನು ಒಳಗಿಡುತ್ತಾರೆ. ಅದರ ಒಂದು ತುದಿ ಕಿಬ್ಬೊಟ್ಟೆಯ ತಳದಲ್ಲಿ, ಇನ್ನೊಂದು ತುದಿ ಬಟ್ಟೆಯ ಒಳಗೆ. ಗಾಯ ಮಾಗಲು ಸಾಮಾನ್ಯವಾಗಿ ಎರಡು ವಾರ ಬಿಡುತ್ತಾರೆ. ಆಮೇಲೆ ದಿನಕ್ಕೆ ಮೂರೋ ನಾಲ್ಕೋ ಸಲ ‘ಎಕ್ಸ್‌ಚೇಂಜ್’. ಗೋಡೆಯ ಗೂಟಕ್ಕೆ ಎರಡು ಲೀಟರಿನ ಹೊಸ ಚೀಲ ತೂಗುಹಾಕು, ಖಾಲಿ ಚೀಲವನ್ನು ನೆಲದ ಮೇಲಿಡು, ಮೊದಲು ಒಳಗಿನ ಹಳೆಯದನ್ನು ಇಳಿಸು, ಆಮೇಲೆ ಹೊಸದನ್ನು ಏರಿಸು, ಮುಚ್ಚಳ ಹಾಕು. ಇಳಿಯಲು ಇಪ್ಪತ್ತು ನಿಮಿಷ, ತುಂಬಲು ಹತ್ತು. ನಡುವಿನ ನಾಲ್ಕರಿಂದ ಆರು ಗಂಟೆ ಅಡಿಕೆ ಸುಲಿಯಿರಿ, ಅಂಗಡಿಯಲ್ಲಿ ಕೂರಿ, ಮಗುವಿಗೆ ಮಗ್ಗಿ ಹೇಳಿಕೊಡಿ. ಹೊಟ್ಟೆಯಲ್ಲಿ ಅದರ ಪಾಡಿಗೆ ಅದು ಕೆಲಸ ಮಾಡುತ್ತಿರುತ್ತದೆ. ರಾತ್ರಿ ತುಂಬಿಸಿಕೊಂಡು ಮಲಗಿದರೆ ಬೆಳಗಿನವರೆಗೂ ಏಳಬೇಕಿಲ್ಲ.

● ಇದಕ್ಕೆ ಕರೆಂಟು ಬೇಡ. ಒಂದು ಯೂನಿಟ್ಟೂ ಬೇಡ. ಮೇಲಿನದು ಕೆಳಗೆ ಹರಿಯುತ್ತದೆ ಎಂಬ ಒಂದೇ ನಿಯಮ ಸಾಕು. ಭದ್ರೆಯ ನೀರನ್ನು ಅಜ್ಜಂಪುರದ ಸುಮಾರು ಏಳು ಕಿಲೋಮೀಟರ್ ಸುರಂಗದ ಬಾಯಿಗೆ ತರಲು ಭಾರಿ ಪಂಪುಗಳೇ ಬೇಕಾದವು. ಇಲ್ಲಿ ಗೋಡೆಗೆ ಹೊಡೆದ ಮೊಳೆ ಸಾಕಾಗುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರಿನವರು ಈ ಸಾಲನ್ನು ಎರಡು ಸಲ ಓದಬೇಕು.

● ವಾರಕ್ಕೆ 168 ಗಂಟೆ. ಆಸ್ಪತ್ರೆಯ ಯಂತ್ರದ ಡಯಾಲಿಸಿಸ್, ಅಂದರೆ ಹಿಮೋಡಯಾಲಿಸಿಸ್, ಅದರಲ್ಲಿ 12 ಗಂಟೆ ಮಾತ್ರ ರಕ್ತ ಸೋಸುತ್ತದೆ. ಉಳಿದ 156 ಗಂಟೆ ಕಸ ಶೇಖರಣೆ. ಹೊಟ್ಟೆ ಡಯಾಲಿಸಿಸ್ ನಿಧಾನ, ಆದರೆ ಹಗಲೂ ರಾತ್ರಿ ನಡೆಯುತ್ತದೆ. ಹಾಗಾಗಿಯೇ ಡಯಾಲಿಸಿಸ್ ಮುಗಿಸಿ ಮನೆಗೆ ಬಂದು ಗೋಣಿಚೀಲದಂತೆ ಬಿದ್ದುಕೊಳ್ಳುವ ಆ ಸುಸ್ತು ಇದರಲ್ಲಿ ಕಡಿಮೆ.

● ನಾಲ್ಕು ಗಂಟೆಯ ಒಂದು ಹಿಮೋಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಹೋಗುತ್ತದೆ. ಅಷ್ಟು ಶುದ್ಧ ನೀರು ತೆಗೆಯಲು ಆರ್‌ಒ ಘಟಕ ಚೆಲ್ಲುವ ನೀರು ಬೇರೆ. ಹೊಟ್ಟೆ ಡಯಾಲಿಸಿಸ್‌ಗೆ ದಿನಕ್ಕೆ ಎಂಟು ಲೀಟರ್ ದ್ರವ, ಅದೂ ಚೀಲದಲ್ಲೇ ತುಂಬಿ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆ ಅಂದರೆ ಕಾಫಿ, ಜಡಿಮಳೆ ಎಂದುಕೊಂಡ ಹೊರಗಿನವರಿಗೆ ಕಡೂರು ಬಯಲುಸೀಮೆ ಎಂಬುದು ಗೊತ್ತಿರುವುದಿಲ್ಲ. ಬೋರ್‌ವೆಲ್ ಬತ್ತಿದ ಬೇಸಿಗೆ ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

● ಹೊಟ್ಟೆಗೆ ಏನಾದರೂ ತುಂಬಿಸಿ ರೋಗ ತೊಳೆಯುವ ಯೋಚನೆ ಹಳೆಯದು. 1744ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ವಾರಿಕ್ ಎಂಬ ಶಸ್ತ್ರವೈದ್ಯ, ಜಲೋದರವಾಗಿದ್ದ ಹೆಂಗಸೊಬ್ಬಳ ಹೊಟ್ಟೆಯ ನೀರು ತೆಗೆದು, ಬದಲಿಗೆ ಬ್ರಿಸ್ಟಲ್ಲಿನ ಬುಗ್ಗೆ ನೀರನ್ನೂ ಕೆಂಪು ವೈನನ್ನೂ ಬೆರೆಸಿ ತುಂಬಿದನಂತೆ. ಆಕೆ ಚೇತರಿಸಿಕೊಂಡಳೆಂದು ವರದಿ ಬರೆದ. ಇಂದಿನ ಡಾಕ್ಟರಿಗೆ ಈ ಕಥೆ ಹೇಳಿ, ಮನೆಯಲ್ಲಿ ಮಾತ್ರ ಪ್ರಯೋಗ ಮಾಡಬೇಡಿ.

● ‘ಡಯಾಲಿಸಿಸ್’ ಎಂಬ ಪದಕ್ಕೆ ಇಂದಿನ ಅರ್ಥ ಕೊಟ್ಟವನು ಡಾಕ್ಟರಲ್ಲ, ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ, 1861ರಲ್ಲಿ. ಮನುಷ್ಯನ ಹೊಟ್ಟೆಯ ಪೊರೆಯಲ್ಲಿ ಅದನ್ನು ಮೊದಲು ಪ್ರಯತ್ನಿಸಿದವನು ಜರ್ಮನಿಯ ಗೆಯೋರ್ಗ್ ಗಾಂಟರ್, 1923ರಲ್ಲಿ. ಅವನ ರೋಗಿ ಚೇತರಿಸಿಕೊಂಡು ಮನೆಗೆ ಹೋದಳು, ಕೆಲದಿನಗಳಲ್ಲಿ ತೀರಿಕೊಂಡಳು ಎಂಬುದು ಪಿಡಿಯ ಚರಿತ್ರೆಯಲ್ಲಿ ಹೇಳುತ್ತ ಬಂದಿರುವ ಮಾತು. ಒಂದು ಸಲ ತೊಳೆದರೆ ಸಾಲದು, ತೊಳೆಯುತ್ತಲೇ ಇರಬೇಕು ಎಂಬುದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

● ಮೊದಮೊದಲು ಪ್ರತಿ ಸಲವೂ ಹೊಟ್ಟೆಗೆ ಹೊಸದಾಗಿ ತೂತು. 1960ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆನ್ರಿ ಟೆಂಕಾಫ್ ಎಂಬ ಡಾಕ್ಟರು ರೋಗಿಯ ಮನೆಗೇ ಹೋಗಿ ಪ್ರತಿ ಬಾರಿ ಕೊಳವೆ ಇಳಿಸಿ ಬರುತ್ತಿದ್ದರು. ಓಡಾಡಿ ಸಾಕಾಯಿತೋ ಏನೋ, 1968ರಲ್ಲಿ ತೆಗೆಯಬೇಕಾದ ಅಗತ್ಯವೇ ಇಲ್ಲದ ಕೊಳವೆಯನ್ನು ಪ್ರಕಟಿಸಿದರು: ಮೆತ್ತನೆಯ ಸಿಲಿಕೋನ್, ನಡುವೆ ಬಟ್ಟೆಯಂಥ ಎರಡು ಪಟ್ಟಿ. ಆ ಪಟ್ಟಿಯೊಳಗೆ ನಮ್ಮದೇ ಮಾಂಸ ಬೆಳೆದು ಹಿಡಿದುಕೊಳ್ಳುತ್ತದೆ. ಕೊಳವೆ ಜಾರುವುದಿಲ್ಲ, ರೋಗಾಣು ನುಸುಳುವುದೂ ಕಷ್ಟ. ಅರ್ಧ ಶತಮಾನ ಕಳೆದರೂ ಇಂದಿಗೂ ಹಾಕುವುದು ಹೆಚ್ಚಾಗಿ ಟೆಂಕಾಫ್ ಕೊಳವೆಯನ್ನೇ.

● ಈ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾಗುವ ಪಾತ್ರ ಡಾಕ್ಟರಲ್ಲ, ‘ಒಲ್ಲೆ’ ಅಂದ ಒಬ್ಬ ರೋಗಿ. 1975, ಟೆಕ್ಸಾಸ್‌ನ ಆಸ್ಟಿನ್. ಯಂತ್ರದ ಸೂಜಿ ಚುಚ್ಚಲೆಂದು ಆತನ ಕೈಯ ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾಗಳೆಲ್ಲ ಕೆಟ್ಟು, ಯಂತ್ರದ ಡಯಾಲಿಸಿಸ್ ಅಸಾಧ್ಯವಾಯಿತು. ಡಲ್ಲಾಸ್‌ಗೆ ಹೋಗಿ ನೆಲೆಸಿದರೆ ಹೊಟ್ಟೆ ಡಯಾಲಿಸಿಸ್ ಮಾಡಿಸಬಹುದು ಎಂದರು ಡಾಕ್ಟರ್ ಜಾಕ್ ಮಾನ್‌ಕ್ರೀಫ್. ಆಸ್ಟಿನ್ನಿಂದ ಡಲ್ಲಾಸ್ ಸುಮಾರು 300 ಕಿಲೋಮೀಟರ್. ನಾನು ಊರು ಬಿಡುವುದಿಲ್ಲ ಎಂದು ಆತ ಹಟ ಹಿಡಿದ. ಆಗ ಮಾನ್‌ಕ್ರೀಫ್ ಮತ್ತು ರಾಬರ್ಟ್ ಪೊಪೊವಿಚ್ ಎಂಬ ಎಂಜಿನಿಯರ್ ಕಾಗದ ಪೆನ್ಸಿಲ್ ಹಿಡಿದು ಕೂತರು. ದಿನಕ್ಕೆ ಹತ್ತು ಲೀಟರ್ ದ್ರವ, ಎರಡೆರಡು ಲೀಟರಿನಂತೆ ಐದು ಸಲ, ಪ್ರತಿ ಸಲವೂ ಗಂಟೆಗಟ್ಟಲೆ ಒಳಗೇ ಬಿಟ್ಟರೆ ಮೈಯ ಕಸ ಹತೋಟಿಯಲ್ಲಿರುತ್ತದೆ ಎಂದು ಲೆಕ್ಕ ಹೇಳಿತು. ಮಾಡಿ ನೋಡಿದರು, ಹೇಳಿದಂತೆಯೇ ಆಯಿತು. ಓಡಾಡಿಕೊಂಡೇ ಮಾಡಿಕೊಳ್ಳುವ ಇಂದಿನ ಡಯಾಲಿಸಿಸ್ ಹುಟ್ಟಿದ್ದು ಹೀಗೆ. 1976ರಲ್ಲಿ ಇದರ ಸಾರಾಂಶ ಬರೆದು ಕೃತಕ ಅಂಗಗಳ ತಜ್ಞರ ಸಮ್ಮೇಳನಕ್ಕೆ ಕಳಿಸಿದರೆ ಅಲ್ಲಿ ಅದನ್ನು ತಿರಸ್ಕರಿಸಿದರು! ಪೂರ್ಣ ಪ್ರಬಂಧ ಅಚ್ಚಾದದ್ದು 1978ರಲ್ಲಿ. ಅದೇ ವರ್ಷ ಇಂದಿರಾ ಗಾಂಧಿಯವರ ಉಪಚುನಾವಣೆಯಿಂದ ನಮ್ಮ ಜಿಲ್ಲೆಯ ಹೆಸರು ದೇಶದ ಬಾಯಲ್ಲಿತ್ತು. ಟೆಕ್ಸಾಸ್‌ನ ಆ ಸುದ್ದಿ ಕಡೂರಿನ ಯಾವ ಹೋಟೆಲಿನಲ್ಲೂ ಚರ್ಚೆಯಾಗಿರಲಾರದು.

● ಆಗ ದ್ರವ ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಬಾಟಲಿ ಬದಲಿಸುವಾಗಲೆಲ್ಲ ಸೋಂಕು. 1977ರಲ್ಲಿ ಕೆನಡಾದ ಟೊರೊಂಟೊದಲ್ಲಿ ಡಿಮಿಟ್ರಿಯೋಸ್ ಒರಿಯೊಪೌಲೋಸ್ ಪ್ಲಾಸ್ಟಿಕ್ ಚೀಲ ತಂದರು. ದ್ರವ ಒಳಗಿಳಿದ ಮೇಲೆ ಖಾಲಿ ಚೀಲವನ್ನು ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದು, ಹೊತ್ತಾದಾಗ ಅದೇ ಚೀಲಕ್ಕೆ ಇಳಿಸುವುದು. ಇಟಲಿಯವರು ಕವಲುಕೊಳವೆ ಕಂಡುಹಿಡಿದ ಮೇಲೆ ಸೊಂಟದ ಗಂಟೂ ಹೋಯಿತು, ಸೋಂಕೂ ಇಳಿಯಿತು. ತುಂಬುವ ಮೊದಲು ಕೊಳವೆಯನ್ನು ಹೊಸ ದ್ರವದಿಂದ ಒಮ್ಮೆ ತೊಳೆದು ಚೆಲ್ಲುವುದು ಅದರ ಗುಟ್ಟು. ಕೊಡಕ್ಕೆ ನೀರು ಹಿಡಿಯುವ ಮುಂಚೆ ನಲ್ಲಿಯ ಮೊದಲ ನೀರನ್ನು ಬಿಟ್ಟುಬಿಡುವ ನಮ್ಮ ಹೆಂಗಸರಿಗೆ ಇದನ್ನು ಕಲಿಸಬೇಕಿಲ್ಲ.

● ತುರ್ತು ಪರಿಸ್ಥಿತಿಯ ಸೆರೆವಾಸದಲ್ಲಿ ಜಯಪ್ರಕಾಶ ನಾರಾಯಣರ ಕಿಡ್ನಿ ಹೋಯಿತು. 1975ರ ಕೊನೆಯಿಂದ 1979ರಲ್ಲಿ ತೀರಿಕೊಳ್ಳುವವರೆಗೂ ಅವರು ಡಯಾಲಿಸಿಸ್ ಯಂತ್ರದ ಮೇಲೆಯೇ ಬದುಕಿದರು. ನಮ್ಮ ಪಕ್ಕದ ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರೂ ಕೊನೆಯ ವರ್ಷಗಳನ್ನು ಡಯಾಲಿಸಿಸ್‌ನೊಂದಿಗೇ ಕಳೆದರು. ಆ ಸ್ಥಿತಿಯಲ್ಲೂ ಬರೆಯುವುದು ನಿಲ್ಲಿಸಲಿಲ್ಲ. ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಪ್ರಕಟವಾಗಿದ್ದು 2014ರ ಆಗಸ್ಟ್ 22ರಂದು ಅವರು ತೀರಿಕೊಂಡ ಮೇಲೆ.

● ಕೊಳಕುಮಂಡಲ ಕಚ್ಚಿದರೆ ಕಿಡ್ನಿ ತಾತ್ಕಾಲಿಕವಾಗಿ ನಿಂತುಹೋಗಬಹುದು. ಇಲಿಜ್ವರದಲ್ಲೂ ಅಷ್ಟೆ. ಯಂತ್ರಗಳು ಇಷ್ಟು ಹರಡುವ ಮೊದಲು, ಗದ್ದೆಯಿಂದ ಹೊತ್ತು ತಂದ ಇಂಥ ಎಷ್ಟೋ ಮಂದಿಯನ್ನು ನಮ್ಮ ದೇಶದ ಆಸ್ಪತ್ರೆಗಳು ಉಳಿಸಿಕೊಂಡದ್ದು ಹೊಟ್ಟೆಗೆ ಗಟ್ಟಿ ಕೊಳವೆ ಇಳಿಸಿ ಕೆಲದಿನ ತೊಳೆದೇ. ಇದೇ ವಿಧಾನವನ್ನು ವರ್ಷಗಟ್ಟಲೆ ನಡೆಸುವ ಪದ್ಧತಿ ಭಾರತಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ.

● ಎಳನೀರು! ತೆಂಗಿನ ಸೀಮೆಯಲ್ಲಿ ಹುಟ್ಟಿ ಎಳನೀರು ಕುಡಿಯಬೇಡ ಅನ್ನಿಸಿಕೊಳ್ಳುವುದು ಎಂಥ ಶಿಕ್ಷೆ. ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಎರಡು ಯಂತ್ರ-ದಿನಗಳ ನಡುವೆ ಅದು ರಕ್ತದಲ್ಲಿ ಏರಿದರೆ ಹೃದಯ ನಿಲ್ಲುವ ಅಪಾಯವಿದೆ. ಉಪಚಾರವೆಂದು ಕೊಟ್ಟ ಎಳನೀರೇ ಮುಳುವಾಗಬಹುದು, ನೆಂಟರ ಮನೆಯವರು ನೆನಪಿಡಬೇಕು. ಹೊಟ್ಟೆ ಡಯಾಲಿಸಿಸ್‌ನ ದ್ರವದಲ್ಲಿ ಪೊಟ್ಯಾಸಿಯಂ ಇರುವುದೇ ಇಲ್ಲ. ಹಾಗಾಗಿ ಮೈಯಲ್ಲಿನದು ದಿನವೂ ಇಳಿದುಹೋಗುತ್ತಿರುತ್ತದೆ. ಕೆಲವರಿಗೆ ತೀರಾ ಕಡಿಮೆಯಾಗಿ, ‘ಬಾಳೆಹಣ್ಣು ತಿನ್ನಿ’ ಎಂದು ಡಾಕ್ಟರೇ ಹೇಳುವುದುಂಟು. ರಕ್ತಪರೀಕ್ಷೆ ನೋಡದೆ ಮಾತ್ರ ಎಳನೀರು ಕೊಚ್ಚುವ ಕತ್ತಿಗೆ ಕೈ ಹಾಕಬೇಡಿ.

● ಇಳಿಯುವ ದ್ರವದ ಜೊತೆಗೆ ಪ್ರೋಟೀನೂ ಹೋಗುತ್ತದೆ, ದಿನಕ್ಕೆ 5ರಿಂದ 10 ಗ್ರಾಂ. ಆದ್ದರಿಂದ ‘ಕಿಡ್ನಿ ಕಾಯಿಲೆ, ಬೇಳೆಕಾಳು ಮುಟ್ಟಬೇಡ’ ಎಂಬ ಹಳೆಯ ಪಥ್ಯ ಇಲ್ಲಿ ತಲೆಕೆಳಗು. ಮೊಟ್ಟೆಯ ಬಿಳಿಭಾಗ, ಮೀನು, ಕಾಳು, ಪನೀರ್, ಏನು ಒಗ್ಗುತ್ತದೋ ಅದನ್ನು ಹೆಚ್ಚೇ ತಿನ್ನಬೇಕು. ಎಷ್ಟು ಎಂಬುದನ್ನು ಆಹಾರತಜ್ಞರು ತೂಕ ನೋಡಿ ಹೇಳುತ್ತಾರೆ.

● 4.25% ದರ್ಜೆಯ ಎರಡು ಲೀಟರ್ ಚೀಲದಲ್ಲಿ 85 ಗ್ರಾಂ ಸಕ್ಕರೆ! ಅದರಲ್ಲಿ ಬಹುಪಾಲು ಮೈಗೆ ಸೇರುತ್ತದೆ. ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿಕೊಳ್ಳದ ಮಧುಮೇಹಿಗೂ ಹೊಟ್ಟೆಯಿಂದ ಸಕ್ಕರೆ ಏರುತ್ತದೆ, ಇನ್ಸುಲಿನ್ ಲೆಕ್ಕ ಬದಲಾಗುತ್ತದೆ. ಜೋಳದ ಪಿಷ್ಟದಿಂದ ಮಾಡಿದ ಐಕೊಡೆಕ್ಸ್‌ಟ್ರಿನ್ ಎಂಬ ಇನ್ನೊಂದು ದ್ರವವಿದೆ. ಅದು ನಿಧಾನಕ್ಕೆ ನೀರೆಳೆಯುತ್ತದೆ, ದೀರ್ಘ ಅವಧಿಗೆ ಒಳ್ಳೆಯದು. ಬೆಲೆ ಮಾತ್ರ ಹೆಚ್ಚು.

● ದ್ರವ ಸರಿಯಾಗಿ ಇಳಿಯುತ್ತಿಲ್ಲವೇ? ಕೊಳವೆ ಕಟ್ಟಿತೆಂದು ಗಾಬರಿಯಾಗುವ ಮೊದಲು ಒಂದು ಪ್ರಶ್ನೆ: ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಯಿತೇ? ಮಲ ತುಂಬಿದ ಕರುಳು ಕೊಳವೆಯನ್ನು ತಳ್ಳಿ ಪಕ್ಕಕ್ಕೆ ಸರಿಸುತ್ತದೆ. ಎಷ್ಟೋ ‘ಕೆಟ್ಟ ಕೊಳವೆ’ಗಳು ರಿಪೇರಿಯಾಗಿರುವುದು ಭೇದಿ ಔಷಧಿಯಿಂದ!

● ಇಳಿದ ಚೀಲವನ್ನು ದಿನಪತ್ರಿಕೆಯ ಮೇಲಿಟ್ಟು ನೋಡಿ. ಅಕ್ಷರ ಓದಲು ಬಂದರೆ ಕ್ಷೇಮ. ಮಜ್ಜಿಗೆನೀರಿನಂತೆ ಕದಡಿ ಅಕ್ಷರ ಮಸುಕಾದರೆ, ಜೊತೆಗೆ ಹೊಟ್ಟೆನೋವೋ ಜ್ವರವೋ ಇದ್ದರೆ, ಅದು ಪೆರಿಟೋನೈಟಿಸ್, ಹೊಟ್ಟೆಪೊರೆಯ ಸೋಂಕು. ಇದೇ ಈ ಚಿಕಿತ್ಸೆಯ ನಿಜವಾದ ಶತ್ರು, ಇದನ್ನು ಮುಚ್ಚಿಟ್ಟು ಹೊಗಳುವುದು ತಪ್ಪು. ‘ನಾಳೆ ನೋಡೋಣ’ ಎಂಬ ಮಾತು ಇಲ್ಲಿ ಸಲ್ಲದು. ಆ ಕದಡಿದ ಚೀಲವನ್ನೂ ಜೊತೆಗೇ ಹಿಡಿದು ಅಂದೇ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಗೆ ಅದೇ ಬೇಕು. ಔಷಧಿಯನ್ನೂ ಬಹಳ ಸಲ ಹೊಸ ಚೀಲದ ದ್ರವಕ್ಕೇ ಸೇರಿಸಿ ಹೊಟ್ಟೆಗೆ ಬಿಡುತ್ತಾರೆ. ಒಬ್ಬ ರೋಗಿಗೆ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಇದು ಬರಬಾರದು ಎಂಬುದು ಅಂತರರಾಷ್ಟ್ರೀಯ ತಜ್ಞರು ಹಾಕಿಕೊಂಡ ಗುರಿ. ಒಮ್ಮೆಯೂ ಬಾರದೆ ವರ್ಷಗಟ್ಟಲೆ ನಡೆಸುವವರೂ ಇದ್ದಾರೆ.

● ತಡೆಯುವುದು ಹೇಗೆ ಎಂದರೆ, ಮಡಿ. ನಮ್ಮ ಅಜ್ಜಿಯರ ಮಡಿಯಲ್ಲ, ಸೋಪಿನ ಮಡಿ. ಕೈ ಉಜ್ಜಿ ತೊಳೆದು ಒಣಗಿಸಬೇಕು, ಬಾಯಿಗೆ ಮಾಸ್ಕ್, ಬಾಗಿಲು ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು. ಏಪ್ರಿಲ್ ತಿಂಗಳ ಕಡೂರಿನಲ್ಲಿ ಅರ್ಧ ಗಂಟೆ ಫ್ಯಾನಿಲ್ಲದೆ ಕೂರುವುದು ತಪಸ್ಸೇ, ಒಪ್ಪಿದೆ. ಗಾಳಿ ಧೂಳು ಎಬ್ಬಿಸುತ್ತದೆ, ಧೂಳು ಕೊಳವೆಯ ಬಾಯಿಗೆ ಕೂರುತ್ತದೆ. ಬೆಕ್ಕನ್ನು ಹೊರಗೆ ಹಾಕಿ ಚಿಲಕ ಹಾಕಿಕೊಳ್ಳಿ. ಕೊಳವೆಯ ತುದಿಗೆ ಹಲ್ಲು ಹಾಕುವ ಬೆಕ್ಕಿನಿಂದ ಬರುವ ಸೋಂಕಿನ ಬಗ್ಗೆ ವೈದ್ಯಪತ್ರಿಕೆಗಳಲ್ಲಿ ಬರಹಗಳೇ ಇವೆ!

● ಚೀಲವನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಬೆಚ್ಚಗೆ ಮಾಡುವುದು ಬೇಡ. ನೀರಿನಲ್ಲಿ ರೋಗಾಣು ಇರುತ್ತದೆ. ಒಣ ಶಾಖವೇ ಆಗಬೇಕು.

● ತಿಂಗಳಿಗೆ ಸುಮಾರು 120 ಚೀಲ, ಅಂದರೆ 240 ಕೆಜಿ! ಎಲ್ಲಿಡುವುದು? ಕೊಬ್ಬರಿ ಅಟ್ಟ ಖಾಲಿ ಇದೆ ಎಂದು ಅಲ್ಲಿ ಏರಿಸಬೇಡಿ. ಹೆಂಚಿನ ಕಾವು ಆಗದು, ಇಲಿಯ ಹಲ್ಲೂ ಆಗದು. ಬಿಸಿಲು ಬೀಳದ ಮೂಲೆಯಲ್ಲಿ ಹಲಗೆಯ ಮೇಲೆ ಜೋಡಿಸಿ, ಹಳೆಯದು ಮೊದಲು ಖರ್ಚಾಗಲಿ. ಒಂದು ಸಣ್ಣ ಕೋಣೆಯೋ ಪರದೆ ಕಟ್ಟಿದ ಮೂಲೆಯೋ ಇದಕ್ಕೆಂದೇ ಇದ್ದರೆ ಸಾಕು, ಅರಮನೆ ಬೇಡ.

● ಕೊಳವೆಯ ಬಾಯಿ ಹೊಟ್ಟೆಯ ಮೇಲೆ ಎಲ್ಲಿ ಬರಬೇಕೆಂದು ಗುರುತು ಹಾಕುವಾಗ ಒಳ್ಳೆಯ ಡಾಕ್ಟರು ರೋಗಿಯನ್ನು ಕೂರಿಸಿ, ನಿಲ್ಲಿಸಿ ನೋಡುತ್ತಾರೆ. ಸೀರೆಯ ನೆರಿಗೆ ಸಿಕ್ಕಿಸುವ ಜಾಗ, ಪಂಚೆಯ ಕಟ್ಟು, ಉಡಿದಾರ, ಬೆಲ್ಟು, ಇವಕ್ಕೆ ಉಜ್ಜದಂತೆ ಇರಬೇಕು. ಕೇಳದಿದ್ದರೆ ನೀವೇ ಹೇಳಿ.

● ಸ್ನಾನ ಮಾಡಬಹುದು, ಗಾಯ ಮಾಗಿದ ಮೇಲೆ. ಅಯ್ಯನಕೆರೆಯಲ್ಲೋ ಮದಗದ ಕೆರೆಯಲ್ಲೋ ಬಾವಿಯಲ್ಲೋ ಮುಳುಗುಹಾಕುವ ಆಸೆ ಮಾತ್ರ ಬಿಡಬೇಕು.

● ಎಲ್ಲರ ಹೊಟ್ಟೆಗೂ ಇದು ಒಗ್ಗುವುದಿಲ್ಲ. ಹಲವು ಸಲ ದೊಡ್ಡ ಆಪರೇಷನ್ ಆಗಿ ಕರುಳು ಪೊರೆಗೆ ಅಂಟಿಕೊಂಡಿದ್ದರೆ ಕಷ್ಟ. ಹರ್ನಿಯಾ ಇದ್ದರೆ ಮೊದಲು ಅದನ್ನು ಹೊಲಿಸಬೇಕು. ಕಣ್ಣು ಕಾಣದ, ಕೈ ನಡುಗುವ ಹಿರಿಯರಿಗೆ ಮನೆಯಲ್ಲೊಬ್ಬರು ಕಲಿತವರು ಬೇಕು. ತೀರಾ ಪುಟ್ಟ ಮಕ್ಕಳಿಗಾದರೋ ಇದೇ ಮೊದಲ ಆಯ್ಕೆ. ಸೂಜಿ ಚುಚ್ಚಲು ಅವರಲ್ಲಿ ರಕ್ತನಾಳವೇ ಸಿಗುವುದಿಲ್ಲ.

● ರಾತ್ರಿ ಮಲಗಿದಾಗ ತಾನೇ ತುಂಬಿಸಿ ಇಳಿಸುವ ‘ಸೈಕ್ಲರ್’ ಯಂತ್ರವೂ ಇದೆ. ಹಗಲು ಪೂರ್ತಿ ಬಿಡುವು. ಇದಕ್ಕೆ ಮಾತ್ರ ಕರೆಂಟು ಬೇಕು, ದುಡ್ಡೂ ಹೆಚ್ಚು.

● ಎಷ್ಟು ವರ್ಷ ನಡೆಯುತ್ತದೆ? ಎಲ್ಲರೂ ಕೇಳುವ ಪ್ರಶ್ನೆ. ಸಕ್ಕರೆಯ ದ್ರವದಲ್ಲಿ ನೆನೆನೆನೆದು ಪೊರೆಗೂ ವಯಸ್ಸಾಗುತ್ತದೆ. ಹಲವರಿಗೆ ಕೆಲವು ವರ್ಷಗಳ ನಂತರ ನೀರೆಳೆಯುವ ಶಕ್ತಿ ಕುಂದಿ, ಯಂತ್ರಕ್ಕೋ ಕಸಿಗೋ ಹೋಗಬೇಕಾಗುತ್ತದೆ. ಹತ್ತು ವರ್ಷ ದಾಟಿಸಿದವರೂ ಉಂಟು. ಆದರೆ ಆರಂಭದ ವರ್ಷಗಳಲ್ಲಿ ಇದಕ್ಕೊಂದು ಹೆಚ್ಚುಗಾರಿಕೆ: ಅಳಿದುಳಿದ ಕಿಡ್ನಿಯ ಶಕ್ತಿ, ದಿನಕ್ಕೆ ಬರುವ ಆ ಅರ್ಧ ಲೀಟರ್ ಮೂತ್ರ, ಇದರಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಬದುಕುಳಿಯುವ ಲೆಕ್ಕದಲ್ಲಿ ಎರಡೂ ಡಯಾಲಿಸಿಸ್‌ಗಳು ಹೆಚ್ಚುಕಡಿಮೆ ಸಮಸಮ. ಆಯ್ಕೆ ನಡೆಯಬೇಕಾದದ್ದು ಮನೆ, ದೂರ, ಕೈಕೆಲಸ ನೋಡಿ.

● ಹಾಂಗ್‌ಕಾಂಗ್ 1985ರಿಂದಲೇ ‘ಮೊದಲು ಪಿಡಿ’ ಎಂಬ ನೀತಿ ಹಿಡಿದಿದೆ. ಅಲ್ಲಿ ಡಯಾಲಿಸಿಸ್ ಮೇಲಿರುವವರಲ್ಲಿ ಹೆಚ್ಚಿನವರು ಹೊಟ್ಟೆ ಡಯಾಲಿಸಿಸ್‌ನವರೇ. ಥಾಯ್ಲೆಂಡ್ 2008ರಲ್ಲಿ ಅದೇ ದಾರಿ ಹಿಡಿದು ಹಳ್ಳಿಹಳ್ಳಿಯ ಮನೆಬಾಗಿಲಿಗೆ ಚೀಲ ಮುಟ್ಟಿಸಿತು. ಇಡೀ ಜಗತ್ತಿನ ಡಯಾಲಿಸಿಸ್ ರೋಗಿಗಳನ್ನು ತೆಗೆದುಕೊಂಡರೆ ಪಿಡಿಯವರು ನೂರಕ್ಕೆ ಹನ್ನೊಂದು ಮಂದಿ. ಭಾರತದ ಪಾಲು ಅದಕ್ಕಿಂತಲೂ ಎಷ್ಟೋ ಕೆಳಗೆ.

● ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು, ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಯಂತ್ರಗಳು ಬಂದವು, ಬಡವರಿಗೆ ಉಚಿತವಾಯಿತು. ಅದು ದೊಡ್ಡ ಉಪಕಾರ, ಅನುಮಾನವಿಲ್ಲ. ಪಿಡಿಯನ್ನೂ ಸೇರಿಸಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದು 2019ರಲ್ಲಿ. ಆದರೆ ಯಂತ್ರಕ್ಕೆ ಸರ್ಕಾರ ದುಡ್ಡು ಕಟ್ಟಿದಂತೆ ಚೀಲಕ್ಕೂ ಕಟ್ಟುವ ವ್ಯವಸ್ಥೆ ಎಲ್ಲ ಕಡೆ ಬಂದಿಲ್ಲ. ಕೈಯಿಂದ ಕೊಂಡರೆ ತಿಂಗಳಿಗೆ ಸುಮಾರು 20ರಿಂದ 30 ಸಾವಿರ ರೂಪಾಯಿ. ನಮ್ಮ ಗಡಿಯಾಚೆ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಸರ್ಕಾರಿ ಆಸ್ಪತ್ರೆಗಳೇ ಮನೆಯ ಪಿಡಿಗೆ ದ್ರವವನ್ನು ಉಚಿತವಾಗಿ ಕೊಡುತ್ತಿವೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಯಾಕೆ ಆಗಬಾರದು ಎಂದು ನಮ್ಮ ಶಾಸಕರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. 1947ರವರೆಗೆ ಇಡೀ ಜಿಲ್ಲೆಗೇ ‘ಕಡೂರು ಜಿಲ್ಲೆ’ ಎಂಬ ಹೆಸರಿತ್ತು. ಅಷ್ಟು ದೊಡ್ಡ ಹೆಸರು ಹೊತ್ತಿದ್ದ ಊರಿನವರು ಇಂದು ಬೆಂಗಳೂರಿನ ಕಿಡ್ನಿ ತಜ್ಞರನ್ನು ಕಾಣಲು 200 ಕಿಲೋಮೀಟರ್ ದಾಟಬೇಕು, ಶಿವಮೊಗ್ಗಕ್ಕಾದರೂ 60. ಚೀಲ ಮನೆಗೆ ಬಂದರೆ ಆ ಓಡಾಟ ತಿಂಗಳಿಗೆ ಒಂದೇ ಸಲ.

● ಹೋಗಲೇಬೇಕಾದವರಿಗೆ: ಡಯಾಲಿಸಿಸ್‌ಗೋ ಕಿಡ್ನಿ ಕಸಿಗೋ ಹೋಗಿಬರುವ ರೋಗಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಸಾಮಾನ್ಯ ದರ್ಜೆ, ಸ್ಲೀಪರ್, ಮೂರನೇ ದರ್ಜೆಯ ಎಸಿಯಲ್ಲಿ ಶೇ 75. ಡಾಕ್ಟರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ತೋರಿಸಬೇಕು. ಬೀರೂರು ಜಂಕ್ಷನ್ನಿನಲ್ಲಿ ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆಯುವ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಹೆಂಗಸರಾದರೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸೂ ಉಚಿತ.

● ಇಷ್ಟೆಲ್ಲ ಓದಿ ‘ನನಗೇನು’ ಎಂದುಕೊಂಡವರಿಗೆ ಒಂದು ಮಾತು. ಕಿಡ್ನಿ ಕೆಡಿಸುವವರಲ್ಲಿ ಮೊದಲಿಗರು ಸಕ್ಕರೆ ಕಾಯಿಲೆ ಮತ್ತು ಬಿಪಿ. ಇನ್ನೊಬ್ಬ ನಿಮ್ಮ ಜೇಬಿನಲ್ಲೇ ಇರಬಹುದು: ಮಂಡಿನೋವಿಗೆಂದು ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ನುಂಗುವ ಮಾತ್ರೆ.

● ಕೊನೆಯದಾಗಿ, ಈಗಾಗಲೇ ಐದನೇ ಹಂತ ತಲುಪಿದವರ ಮನೆಯವರಿಗೆ. ಕೈಗೆ ಫಿಸ್ಟುಲಾ ಹಾಕಿಸಲು ದಿನ ಗೊತ್ತುಮಾಡುವ ಮೊದಲು, ಎದುರಿಗೆ ಕೂತ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ನಮ್ಮವರಿಗೆ ಹೊಟ್ಟೆ ಡಯಾಲಿಸಿಸ್ ಆಗುತ್ತಾ?’ ಆಗುವುದಿಲ್ಲ ಎಂದರೆ ಯಾಕೆ ಎಂದೂ ಕೇಳಿ. ಉತ್ತರ ಪಡೆಯುವುದು ನಿಮ್ಮ ಹಕ್ಕು, ಸಂಕೋಚ ಬೇಡ.